94 ಪರ್ಸೆಂಟ್ ಇದೆ, ಸೀಟು ಸಿಗುತ್ತಾ?

ನ್ಯೂಜೆರ್ಸಿಯಲ್ಲಿರುವ ನಮ್ಮಂಥವರಿಗೆ ಊರಿನಿಂದ ಬರುವ ಫೋನುಗಳ ವಿಷಯ ಈಗೀಗ ಬದಲಾಗಿದೆ. ಮೊದಲೆಲ್ಲ ಎಂಎಸ್ ಬಗ್ಗೆ ಕೇಳುತ್ತಿದ್ದರು, ವೀಸಾ ಬಗ್ಗೆ ಕೇಳುತ್ತಿದ್ದರು. ಈಗ ಡಿಗ್ರಿಗೇ ಮಕ್ಕಳನ್ನು ಕಳಿಸಬಹುದಾ ಅಂತ ಕೇಳುತ್ತಾರೆ. ದಾವಣಗೆರೆಯಲ್ಲಿರುವ ನನ್ನ ಅಣ್ಣ ವಾಟ್ಸಾಪಿನಲ್ಲಿ ಕೇಳಿದ್ದೂ ಅದನ್ನೇ. ಮಗಳು ಸೆಕೆಂಡ್ ಪಿಯುಸಿ ಕಾಮರ್ಸ್. ಫಸ್ಟ್ ಪಿಯುಸಿಯಲ್ಲಿ 94 ಪರ್ಸೆಂಟ್. "ಸೀಟು ಸಿಗುತ್ತಾ, ನೋಡಿ ಹೇಳು" ಅಂದ. ಜೊತೆಗೆ ಮಗಳು ಬರೆದುಕೊಟ್ಟ ಪಟ್ಟಿಯ ಫೋಟೋ: ಅಮ್ಹರ್ಸ್ಟ್, ವಿಲಿಯಮ್ಸ್, ಸ್ವಾರ್ಥ್‌ಮೋರ್, ಬೋಡನ್, ಪೊಮೋನಾ.

ಅಣ್ಣನಿಗೆ ಇದರಲ್ಲಿ ಒಂದು ಹೆಸರೂ ಗೊತ್ತಿಲ್ಲ. ಅವನನ್ನು ದೂರುವ ಹಾಗಿಲ್ಲ. ಇಲ್ಲೇ ಇಪ್ಪತ್ತು ವರ್ಷದಿಂದ ಇರುವ ನಮ್ಮವರಲ್ಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಗಳಿಗೆ ವಿಲಿಯಮ್ಸ್ ಸಿಕ್ಕಿದೆ ಅಂತ ಯಾರಾದರೂ ಹೇಳಿದರೆ, ಕನ್ನಡ ಕೂಟದ ಊಟದ ಸಾಲಿನಲ್ಲಿ "ಅಯ್ಯೋ, ರಟ್ಗರ್ಸ್ ಆಗಲಿಲ್ವಾ?" ಅಂತ ಮರುಕ ಪಡುವವರಿದ್ದಾರೆ. ರಟ್ಗರ್ಸ್ ಅಂದರೆ ನ್ಯೂಜೆರ್ಸಿಯ ಸರ್ಕಾರಿ ಯೂನಿವರ್ಸಿಟಿ. ಅಣ್ಣನ ಮಗಳ ಪಟ್ಟಿಯಲ್ಲಿರುವವು ಚಿಕ್ಕ ಕಾಲೇಜುಗಳು. ಇಡೀ ಕಾಲೇಜಿನಲ್ಲಿ 2,000 ಆಸುಪಾಸು ಮಕ್ಕಳು, ಹೆಚ್ಚುಕಡಿಮೆ ಎಲ್ಲರೂ ಡಿಗ್ರಿಯವರೇ. ಪ್ರೊಫೆಸರೇ ಪಾಠ ಮಾಡುತ್ತಾರೆ, ಪ್ರೊಫೆಸರೇ ಪೇಪರ್ ತಿದ್ದುತ್ತಾರೆ. ಅರ್ಥಶಾಸ್ತ್ರದಲ್ಲಿ ಡಿಗ್ರಿ ಮಾಡುತ್ತಾ ಫಿಸಿಕ್ಸ್ ಓದಬಹುದು, ಸಂಗೀತವನ್ನೂ ಕಲಿಯಬಹುದು. ವಿಲಿಯಮ್ಸ್ ಶುರುವಾಗಿದ್ದು 1793ರಲ್ಲಿ, ಬೋಡನ್ 1794ರಲ್ಲಿ. ಹಳೇ ಕಾಲೇಜುಗಳು, ಒಳಗೆ ಹೋಗುವುದು ಬಹಳ ಕಷ್ಟ.

ಅಣ್ಣನಿಗೆ ತಕ್ಷಣ ಉತ್ತರ ಕೊಡಲಿಲ್ಲ, ಯಾಕೆಂದರೆ ಅವನ ಪ್ರಶ್ನೆಯೇ ನಮ್ಮ ಕಡೆಯದು. ನಮ್ಮಲ್ಲಿ ಸಿಇಟಿ ರ‍್ಯಾಂಕ್ ಇಷ್ಟು ಅಂದರೆ, ಹೋದ ವರ್ಷದ ಕಟ್‌ಆಫ್ ನೋಡಿ, ಯಾವ ಕಾಲೇಜು ಯಾವ ಬ್ರಾಂಚ್ ಅಂತ ಚಹಾ ಆರುವುದರೊಳಗೆ ಹೇಳಿಬಿಡಬಹುದು. ಇಲ್ಲಿ ಕಟ್‌ಆಫ್ ಅನ್ನುವುದೇ ಇಲ್ಲ. 99 ಬಂದವನನ್ನು ಬಿಟ್ಟು 93 ಬಂದವಳನ್ನು ತೆಗೆದುಕೊಂಡರೆ ಯಾರೂ ಕೋರ್ಟಿಗೆ ಹೋಗಿ ರ‍್ಯಾಂಕ್ ತೋರಿಸುವ ಹಾಗಿಲ್ಲ.

ಹಾಗಾದರೆ ಲೆಕ್ಕ ಹಾಕುವುದು ಹೇಗೆ? ಎಲ್ಲರೂ ಮೊದಲು ನೋಡುವುದು ಅರ್ಜಿ ಹಾಕಿದವರಲ್ಲಿ ಎಷ್ಟು ಜನಕ್ಕೆ ಸಿಕ್ಕಿತು ಅನ್ನುವ ಅಂಕಿ. ಇಂಥ ಕಾಲೇಜುಗಳಲ್ಲಿ ಅದು ನೂರಕ್ಕೆ ಹತ್ತು, ಕೆಲವು ಕಡೆ ಅದಕ್ಕೂ ಕಡಿಮೆ. "ಹತ್ತರಲ್ಲಿ ಒಬ್ಬಳಲ್ವಾ ಅತ್ತೆ, ಪರವಾಗಿಲ್ಲ" ಅಂದಳು ಸೊಸೆ, ಅದೇ ಅಣ್ಣನ ಮಗಳು. ನಾನು ಹೇಳಿದೆ, ಆ ಹತ್ತು ನಿನ್ನದಲ್ಲ ಪುಟ್ಟಿ. ಅರ್ಜಿಗಳೆಲ್ಲ ಒಂದೇ ರಾಶಿಯಲ್ಲಿ ಇರುವುದಿಲ್ಲ.

ಅಮ್ಹರ್ಸ್ಟ್ ತೆಗೆದುಕೊಳ್ಳೋಣ. ಒಂದು ವರ್ಷಕ್ಕೆ ಹೊಸದಾಗಿ ಸೇರುವವರು 470–480ರ ಸುತ್ತ. ಇಡೀ ಕಾಲೇಜಿನ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಪಾಲು ಕಾಲೇಜು ತಂಡಗಳಲ್ಲಿ ಆಡುವವರು. ನಮ್ಮವರಿಗೆ ಇದನ್ನು ನಂಬುವುದೇ ಕಷ್ಟ. ಕಾಲೇಜು ಕ್ರೀಡೆಯ ಲೆಕ್ಕದಲ್ಲಿ ಇವು ಡಿವಿಷನ್ ಥ್ರೀ ಕಾಲೇಜುಗಳು, ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವಂತಿಲ್ಲ, ಆದರೆ ಈ ಹುಡುಗ ನನ್ನ ತಂಡಕ್ಕೆ ಬೇಕು ಅಂತ ಕೋಚ್ ಹೇಳಿದರೆ ಅಡ್ಮಿಷನ್ ಆಫೀಸು ಕಿವಿಗೊಡುತ್ತದೆ. ಆಮೇಲೆ ಅರ್ಲಿ ಡಿಸಿಷನ್ ಅಂತ ಒಂದಿದೆ. ಸಿಕ್ಕರೆ ನಿಮ್ಮಲ್ಲಿಗೇ ಬರುತ್ತೇನೆ ಅಂತ ಬರೆದುಕೊಟ್ಟು ನವೆಂಬರ್‌ನಲ್ಲೇ ಅರ್ಜಿ ಹಾಕುವುದು, ಡಿಸೆಂಬರ್‌ನಲ್ಲಿ ಉತ್ತರ. ಎಷ್ಟೋ ಕಾಲೇಜುಗಳು ಅರ್ಧದ ಹತ್ತಿರ ಸೀಟನ್ನು ಇದರಲ್ಲೇ ತುಂಬುತ್ತವೆ. ಅದರಲ್ಲಿ ಸಿಗುವ ಪ್ರಮಾಣ ಜಾಸ್ತಿ ಕಾಣುತ್ತದೆ, ನಿಜ. ಆದರೆ ಕೋಚ್ ಹೆಸರು ಹೇಳಿದ ಮಕ್ಕಳೂ ಅದೇ ಸುತ್ತಿನಲ್ಲಿ ಬರುತ್ತಾರೆ, ಅವರನ್ನು ತೆಗೆದು ನೋಡಿದರೆ ಅಷ್ಟೊಂದು ವ್ಯತ್ಯಾಸ ಉಳಿಯುವುದಿಲ್ಲ. ಅದೇ ಕಾಲೇಜಿನಲ್ಲಿ ಓದಿದ ಅಪ್ಪ ಅಮ್ಮನ ಮಕ್ಕಳಿಗೆ ಕೊಡುತ್ತಿದ್ದ ಅನುಕೂಲವನ್ನು ಅಮ್ಹರ್ಸ್ಟ್ 2021ರಲ್ಲಿ ಕೈಬಿಟ್ಟಿತು. ಬೇರೆ ಕೆಲವರು ಇನ್ನೂ ಇಟ್ಟುಕೊಂಡಿದ್ದಾರೆ.

ಹೊರದೇಶದ ಮಕ್ಕಳು ನೂರಕ್ಕೆ ಹತ್ತರ ಆಸುಪಾಸು ಅಂದುಕೊಳ್ಳಿ. ಅಂದರೆ ಐವತ್ತು ಸೀಟು, ಹೆಚ್ಚೆಂದರೆ ಇನ್ನೊಂದು ಹತ್ತು. ಅದರಲ್ಲಿ ಚೀನಾ, ವಿಯೆಟ್ನಾಂ, ಕೆನ್ಯಾ, ಬ್ರೆಜಿಲ್ ಎಲ್ಲ ಬಂತು. ಇಂಡಿಯಾದ ಪಾಲಿಗೆ ಬೆರಳೆಣಿಕೆ. ಅದಕ್ಕೂ ಮುಂಬೈ, ದೆಹಲಿ, ಬೆಂಗಳೂರಿನ ಇಂಟರ್‌ನ್ಯಾಷನಲ್ ಸ್ಕೂಲಿನ ಮಕ್ಕಳು, ಒಂಬತ್ತನೇ ಕ್ಲಾಸಿನಿಂದ ಇದಕ್ಕೇ ತಯಾರಾದವರು, ಕಾಯುತ್ತಿರುತ್ತಾರೆ. ದಾವಣಗೆರೆಯ ಹುಡುಗಿ ಇರುವುದು ಈ ರಾಶಿಯಲ್ಲಿ.

ಇಷ್ಟಾದರೂ ಇನ್ನೊಂದು ಬಾಕಿ ಇದೆ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ದೊಡ್ಡದು. ದುಡ್ಡು. ಊಟ, ವಸತಿ ಸೇರಿ ಈ ಕಾಲೇಜುಗಳ ಒಂದು ವರ್ಷದ ಖರ್ಚು ಈಗ 90 ಸಾವಿರ ಡಾಲರ್ ಆಸುಪಾಸು, ಕೆಲವು ಕಡೆ ಅದಕ್ಕೂ ಜಾಸ್ತಿ. ಮುಕ್ಕಾಲು ಕೋಟಿ ರೂಪಾಯಿಗೂ ಮೇಲೆ. ನಾಲ್ಕು ವರ್ಷಕ್ಕೆ ಮೂರು ಕೋಟಿಗೂ ಮೇಲೆ. ಅಣ್ಣನದು ಪೈಪು, ಪಂಪ್‌ಸೆಟ್ ಅಂಗಡಿ. ಜಗ್ಗಾಡಿದರೆ ವರ್ಷಕ್ಕೆ ಆರು ಲಕ್ಷ ಹಾಕಬಲ್ಲ. ಉಳಿದಿದ್ದನ್ನು ಕಾಲೇಜೇ ಕೊಡಬೇಕು. ಕೊಡುತ್ತವೆ, ಈ ದೊಡ್ಡ ಹೆಸರಿನ ಕಾಲೇಜುಗಳು ಒಮ್ಮೆ ಸೇರಿಸಿಕೊಂಡರೆ ಮನೆಯವರ ಕೈಲಾಗದಷ್ಟನ್ನು ತಾವೇ ತುಂಬುತ್ತವೆ. ಪ್ರಶ್ನೆ ಇರುವುದು ಸೇರಿಸಿಕೊಳ್ಳುವಾಗ ಮನೆಯವರ ಕೈಲಿ ಎಷ್ಟು ಆಗುತ್ತದೆ ಅಂತ ನೋಡುತ್ತಾರಾ ಅನ್ನುವುದರಲ್ಲಿ. ಅಮ್ಹರ್ಸ್ಟ್ ಯಾವ ದೇಶದವರಾದರೂ ನೋಡುವುದಿಲ್ಲ. ಬೋಡನ್ 2022ರಿಂದ ನೋಡುವುದಿಲ್ಲ. ವಿಲಿಯಮ್ಸ್, ಸ್ವಾರ್ಥ್‌ಮೋರ್, ಪೊಮೋನಾ ಹೊರದೇಶದವರ ವಿಷಯದಲ್ಲಿ ನೋಡುತ್ತವೆ. ಅಂದರೆ ಇವಳ ಅರ್ಜಿ ಮೇಜಿನ ಮೇಲೆ ಬಂದಾಗ, ಹುಡುಗಿ ಚೆನ್ನಾಗಿದ್ದಾಳಾ ಅನ್ನುವುದರ ಜೊತೆಗೆ, ಇವಳಿಗೆ ನಾಲ್ಕು ವರ್ಷ ಇಷ್ಟು ದುಡ್ಡು ಹಾಕುವುದಾ ಅಂತಲೂ ಯೋಚನೆ ನಡೆಯುತ್ತದೆ. ಪೂರ್ತಿ ಫೀಸು ಕಟ್ಟುವ ಮನೆಯ ಮಗುವಿಗೂ ಇವಳಿಗೂ ಒಂದೇ ಅವಕಾಶ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಂತ ಹೇಳಿದವರೂ ಇದ್ದಾರೆ. ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ ಅಣ್ಣನಿಗೆ "70 ಪರ್ಸೆಂಟ್ ಚಾನ್ಸ್ ಇದೆ ಸಾರ್" ಅಂದನಂತೆ. ಮನೆಯ ಆದಾಯ ಎಷ್ಟು ಅಂತ ಒಂದು ಮಾತು ಕೇಳಿಲ್ಲ! ಅದನ್ನು ಕೇಳದೆ ಬಾಯಿಗೆ ಬಂದ ಅಂಕಿ ಹೇಳುವುದಕ್ಕೆ ಗಿಣಿಶಾಸ್ತ್ರದವನೇ ಸಾಕಲ್ವಾ, ಅವನು ಫೀಸಾದರೂ ಕಡಿಮೆ ತೆಗೆದುಕೊಳ್ಳುತ್ತಾನೆ.

ಕನ್ಸಲ್ಟೆಂಟಿಗೆ ದುಡ್ಡು ಕೊಡುವ ಮೊದಲು ಕಾಮನ್ ಡೇಟಾ ಸೆಟ್ ನೋಡಿ. ಹೆಚ್ಚಿನ ಕಾಲೇಜುಗಳು ಇದನ್ನು ಪ್ರತಿವರ್ಷ ತಾವೇ ಹೊರಗೆ ಹಾಕುತ್ತವೆ, ಪುಕ್ಕಟೆ. ಕಾಲೇಜಿನ ಹೆಸರಿನ ಜೊತೆ ಈ ಮೂರು ಪದ ಹಾಕಿ ಹುಡುಕಿದರೆ ಸಿಗುತ್ತದೆ. ಅದರ ಸಿ ಭಾಗದಲ್ಲಿ ಎಷ್ಟು ಅರ್ಜಿ ಬಂತು, ಎಷ್ಟು ಜನಕ್ಕೆ ಕೊಟ್ಟರು, ಅರ್ಲಿ ಡಿಸಿಷನ್‌ನಲ್ಲಿ ಎಷ್ಟು ಅನ್ನುವುದೆಲ್ಲ ಇರುತ್ತದೆ. ಸಿ7 ಅಂತ ಒಂದು ಕೋಷ್ಟಕವಿದೆ, ಅಲ್ಲಿ ಮಾರ್ಕ್ಸು, ಪ್ರಬಂಧ, ಶಿಕ್ಷಕರ ಪತ್ರ, ಸ್ವಭಾವ, ಪ್ರತಿಭೆ ಒಂದೊಂದರ ಎದುರಿಗೂ ಬಹಳ ಮುಖ್ಯ, ಮುಖ್ಯ, ನೋಡುತ್ತೇವೆ, ನೋಡುವುದಿಲ್ಲ ಅಂತ ಗುರುತು ಹಾಕಿರುತ್ತಾರೆ. ಎಚ್ ಭಾಗದಲ್ಲಿ ಹೊರದೇಶದ ಎಷ್ಟು ಮಕ್ಕಳಿಗೆ ಸರಾಸರಿ ಎಷ್ಟು ಡಾಲರ್ ಸಹಾಯ ಕೊಟ್ಟರು ಅನ್ನುವ ಲೆಕ್ಕ. ಊರಿನಿಂದ ಅರ್ಜಿ ಹಾಕುವವರು ಮೊದಲು ಓದಬೇಕಾದದ್ದು ಈ ಎಚ್ ಭಾಗ.

ಸಿ7ರಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು ಎಷ್ಟು ಕಷ್ಟದ ವಿಷಯಗಳನ್ನು ಓದಿದ್ದಾಳೆ ಅನ್ನುವುದು. ನನಗೆ ಚಿಂತೆಯಾಗಿದ್ದು ಇಲ್ಲಿ. ಸೊಸೆಯದು ಎಸ್‌ಇಬಿಎ: ಸ್ಟಾಟಿಸ್ಟಿಕ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ಗಣಿತ ಇಲ್ಲ. ಅವಳಿಗೆ ಓದಬೇಕಾಗಿರುವುದು ಅರ್ಥಶಾಸ್ತ್ರ, ಇಲ್ಲಿ ಅದಕ್ಕೆ ಕ್ಯಾಲ್ಕುಲಸ್ ಬೇಕೇ ಬೇಕು. 94 ಬದಲು 97 ಇದ್ದಿದ್ದರೆ ಅಂತ ಅಣ್ಣ ಕೊರಗುತ್ತಾನೆ. ಆ ಮೂರು ಪರ್ಸೆಂಟಿಗಿಂತ ಈ ಕೊರತೆ ದೊಡ್ಡದು. ಅದಕ್ಕೇ ಎಸ್‌ಎಟಿ ಬರೆ ಅಂದೆ. ಅದು ಇಲ್ಲಿನ ಕಾಲೇಜುಗಳಿಗೆ ಸೇರುವವರು ಬರೆಯುವ ಪರೀಕ್ಷೆ. ಹಲವು ಕಾಲೇಜುಗಳು ಕಡ್ಡಾಯ ಮಾಡಿಲ್ಲ, ಬೋಡನ್ ಅಂತೂ 1969ರಲ್ಲೇ ಐಚ್ಛಿಕ ಮಾಡಿತು. ಆದರೂ ನಮ್ಮ ಪಿಯುಸಿ ಮಾರ್ಕ್ಸನ್ನು ಹೇಗೆ ಅಳೆಯಬೇಕು ಅಂತ ಅಲ್ಲಿನವರಿಗೆ ಗೊತ್ತಾಗಬೇಕಾದರೆ, ಗಣಿತದ ಭಾಗದಲ್ಲಿ ಒಳ್ಳೇ ಸ್ಕೋರ್ ಇದ್ದರೆ ಅನುಕೂಲ.

ಇನ್ನೊಂದು ವಿಷಯ. ಒಂಬತ್ತನೇ ಕ್ಲಾಸಿನಿಂದ ನಾಲ್ಕೂ ವರ್ಷದ ಮಾರ್ಕ್ಸ್ ಕೇಳುತ್ತಾರೆ. ಫಸ್ಟ್ ಪಿಯುಸಿ ಪಾಸಾದರೆ ಸಾಕು ಅನ್ನುವ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಅರ್ಜಿಯಲ್ಲಿ ಓದಿನ ಹೊರಗಿನ ಚಟುವಟಿಕೆಗೆ ಹತ್ತು ಜಾಗ ಇರುತ್ತವೆ, ಒಂದೊಂದರ ವಿವರಣೆಗೆ 150 ಅಕ್ಷರ. ಜೊತೆಗೆ 650 ಪದ ಮೀರದ ಒಂದು ಪ್ರಬಂಧ. ಆ ಕನ್ಸಲ್ಟೆಂಟ್ ಒಂದು ಎನ್‌ಜಿಒ ಶುರು ಮಾಡಿಸೋಣ ಅಂದಿದ್ದ. ಹದಿನೇಳು ವರ್ಷದ ಹುಡುಗಿ, ಎನ್‌ಜಿಒ! ಇಂಥವನ್ನು ಓದಿ ಓದಿ ಅಡ್ಮಿಷನ್ ಆಫೀಸಿನವರಿಗೆ ಸಾಕಾಗಿ ಹೋಗಿದೆ. ನೀನು ಸಂಜೆ ಏನು ಮಾಡ್ತೀಯ ಅಂತ ನಾನು ಸುಮ್ನೆ ಕೇಳಿದೆ. "ಏನಿಲ್ಲ ಅತ್ತೆ, ಅಂಗಡಿಯ ಉದ್ರಿ ಪುಸ್ತಕ ಬರೀತೀನಿ" ಅಂದಳು. ಎಂಟನೇ ಕ್ಲಾಸಿನಿಂದ ಬರೆಯುತ್ತಿದ್ದಾಳೆ. ಮೆಕ್ಕೆಜೋಳ ಮಾರಿದ ಮೇಲೆ ಯಾರು ದುಡ್ಡು ತಂದುಕೊಟ್ಟರು, ಮಳೆ ಕೈಕೊಟ್ಟ ವರ್ಷ ಯಾರ ಬಾಕಿ ಎಷ್ಟು ತಿಂಗಳು ಎಳೆಯಿತು, ಅದರಲ್ಲೂ ಎರಡನೇ ಸಲ ಉದ್ರಿ ಕೊಡುವುದಾ ಬೇಡವಾ ಅಂತ ಅಪ್ಪ ಯಾವುದನ್ನು ನೋಡಿ ನಿರ್ಧಾರ ಮಾಡುತ್ತಾನೆ, ಎಲ್ಲ ಹೇಳಿದಳು. ಬ್ಯಾಂಕಿನವರು ಕೇಳುವ ಒಂದು ಕಾಗದವೂ ಇಲ್ಲದೆ ನಡೆಯುವ ಸಾಲ, ಸ್ಟಾಟಿಸ್ಟಿಕ್ಸ್ ಓದುತ್ತಿರುವ ಹುಡುಗಿಯ ಕೈಯಲ್ಲಿ ವರ್ಷಾನುಗಟ್ಟಲೆಯ ಲೆಕ್ಕ. ಅರ್ಥಶಾಸ್ತ್ರ ಓದಬೇಕು ಅನ್ನುವವಳಿಗೆ ಇದಕ್ಕಿಂತ ಬೇರೆ ಏನು ಬೇಕು? ಮನೆಯ ಜವಾಬ್ದಾರಿಯನ್ನೂ ಚಟುವಟಿಕೆ ಅಂತ ತೋರಿಸಲು ಆ ಫಾರಂನಲ್ಲೇ ಅವಕಾಶ ಇದೆ. ಇದು ಅವಳಿಗೆ ಲೆಕ್ಕಕ್ಕೇ ಬಂದಿರಲಿಲ್ಲ, ಯಾಕೆಂದರೆ ಇದಕ್ಕೆ ಸರ್ಟಿಫಿಕೇಟ್ ಇಲ್ಲ.

ಕೊನೆಗೆ ಅಣ್ಣನಿಗೆ ಹೀಗೆ ಬರೆದೆ. ಅಮ್ಹರ್ಸ್ಟ್, ಬೋಡನ್ ಎರಡಕ್ಕೂ ಹಾಕಲಿ, ಆದರೆ ನೂರಕ್ಕೆ ಒಂದೋ ಎರಡೋ ಅಂತ ಇಟ್ಟುಕೊ. ಇದು ನನ್ನ ಅಂದಾಜು, ಇದಕ್ಕಿಂತ ಜಾಸ್ತಿ ಹೇಳಿದರೆ ಸುಳ್ಳಾಗುತ್ತದೆ. ವಿಲಿಯಮ್ಸ್, ಸ್ವಾರ್ಥ್‌ಮೋರ್, ಪೊಮೋನಾದಲ್ಲಿ ಒಂದನ್ನು ಇಟ್ಟುಕೊಂಡು ಎರಡನ್ನು ಬಿಡಲಿ. ಆ ಜಾಗಕ್ಕೆ ಮೌಂಟ್ ಹೋಲಿಯೋಕ್, ಸ್ಮಿತ್, ಗ್ರಿನೆಲ್ ಬರಲಿ. ಮೊದಲೆರಡು ಹೆಣ್ಣುಮಕ್ಕಳ ಕಾಲೇಜು, ಅಮ್ಹರ್ಸ್ಟ್ ಪಕ್ಕದವೇ. ಅಲ್ಲಿ ಸೇರಿದವರು ಅಮ್ಹರ್ಸ್ಟ್‌ಗೇ ಹೋಗಿ ಕ್ಲಾಸು ತೆಗೆದುಕೊಳ್ಳಬಹುದು, ಅಂಥ ಒಪ್ಪಂದ ಇದೆ. ಮೌಂಟ್ ಹೋಲಿಯೋಕ್‌ನಲ್ಲಿ ಐದನೇ ಒಂದು ಭಾಗದಷ್ಟು ಹೊರದೇಶದ ಮಕ್ಕಳೇ ಇದ್ದಾರೆ. ಗ್ರಿನೆಲ್ ಇರುವುದು ಅಯೋವಾದಲ್ಲಿ, ಸುತ್ತ ಮೆಕ್ಕೆಜೋಳದ ಹೊಲ, ಅವಳಿಗೆ ಹೊಸದೇನಲ್ಲ! ಇಲ್ಲೂ ದುಡ್ಡಿನ ಲೆಕ್ಕ ಇದ್ದೇ ಇದೆ, ಆದರೂ ಬಾಗಿಲು ಅಷ್ಟು ಬಿಗಿಯಾಗಿಲ್ಲ. ಜೊತೆಗೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಕ್ಕೂ ಹಾಕಲೇಬೇಕು. ಅಲ್ಲೂ ಅರ್ಥಶಾಸ್ತ್ರದ ಡಿಗ್ರಿ ಇದೆ, ಮನೆಯ ಆದಾಯ ನೋಡಿ ಫೀಸಿನಲ್ಲಿ ರಿಯಾಯಿತಿ ಕೊಡುತ್ತಾರೆ. ಇಲ್ಲಿನ ಮುಖ್ಯ ಸುತ್ತಿನ ಉತ್ತರ ಮಾರ್ಚ್ ಕೊನೆಗೆ ಬರುವುದು, ಪಿಯುಸಿ ಪರೀಕ್ಷೆಯ ಹೊತ್ತಿಗೆ, ಆದ್ದರಿಂದ ಎರಡನ್ನೂ ಕೈಯಲ್ಲಿ ಇಟ್ಟುಕೊಂಡಿರಬೇಕು.

"ಒಂದೋ ಎರಡೋ ಅಂದ್ರೆ ಸುಮ್ನೆ ಯಾಕೆ ಅರ್ಜಿ ಹಾಕೋದು?" ಅಂತ ಅಣ್ಣ ಕೇಳಿದ. ಅವಳೇ ಉತ್ತರ ಕೊಟ್ಟಳಂತೆ, ಮಳೆ ಬರುತ್ತೋ ಇಲ್ವೋ ಗೊತ್ತಿಲ್ಲದೆ ನೀನು ಪೈಪು ಉದ್ರಿ ಕೊಡಲ್ವಾ ಅಂತ.

ಈಗ ಸಿಕ್ಕಿಹಾಕಿಕೊಂಡಿರುವುದು ಶಿಕ್ಷಕರ ಪತ್ರದಲ್ಲಿ. ಇಬ್ಬರು ಲೆಕ್ಚರರ್ ಅವಳ ಬಗ್ಗೆ ಬರೆಯಬೇಕು, ಪ್ರಿನ್ಸಿಪಾಲರು ಕಾಲೇಜಿನ ಬಗ್ಗೆ ಒಂದು ಪುಟ ಕೊಡಬೇಕು. ಗುಡ್ ಕಂಡಕ್ಟ್ ಸರ್ಟಿಫಿಕೇಟಿನ ಎರಡು ಸಾಲು ಸಾಲದು, ಕ್ಲಾಸಿನಲ್ಲಿ ಇವಳು ಏನು ಕೇಳಿದಳು, ಎಲ್ಲಿ ಒಪ್ಪಲಿಲ್ಲ ಅಂತ ಬರೆಯಬೇಕು. ಸ್ಟಾಟಿಸ್ಟಿಕ್ಸ್ ಸಾರ್ ಖುಷಿಯಿಂದ ಒಪ್ಪಿದ್ದಾರೆ, ಆದರೆ ಫಾರಂ ಅವರ ಇಮೇಲ್ ಕೇಳುತ್ತದೆ, ಅವರು ಮಗನ ಇಮೇಲ್ ಕೊಟ್ಟಿದ್ದಾರೆ, ಮಗ ಹುಬ್ಬಳ್ಳಿಯಲ್ಲಿದ್ದಾನೆ. ಭಾನುವಾರ ಸಾರ್ ಜೊತೆ ನಾನೇ ವೀಡಿಯೋ ಕಾಲ್ ಮಾಡಿ ಹೊಸ ಇಮೇಲ್ ಮಾಡಿಸಿಕೊಡುವುದು ಅಂತ ಮಾತಾಗಿದೆ.