ಮರ್ಸರ್ಸ್‌ಬರ್ಗ್‌ನಿಂದ ವುಡ್‌ಲಾನ್‌ವರೆಗೆ: ಫಿಲಿಪ್ ಶಾಫ್ ಇದ್ದ ಊರುಗಳು

ಚರ್ಚ್ ಇತಿಹಾಸಕಾರ ಫಿಲಿಪ್ ಶಾಫ್ ಅವರನ್ನು ಹುಡುಕಿಕೊಂಡು ಹೋಗುವವರು ಸಾಮಾನ್ಯವಾಗಿ ನ್ಯೂಯಾರ್ಕಿನಿಂದ ಶುರುಮಾಡುತ್ತಾರೆ. ಪೆನ್ಸಿಲ್ವೇನಿಯಾದ ಮರ್ಸರ್ಸ್‌ಬರ್ಗ್‌ನಿಂದ ಹೊರಟರೆ ಅವರು ಚೆನ್ನಾಗಿ ಅರ್ಥವಾಗುತ್ತಾರೆ. ರೈಲಿಲ್ಲ, ಕಾರೇ ಬೇಕು. ವಾಷಿಂಗ್ಟನ್ ಕಡೆಯಿಂದ ಹೇಗರ್ಸ್‌ಟೌನ್ ದಾಟಿ 81ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ, ಗ್ರೀನ್‌ಕ್ಯಾಸಲ್ ಹತ್ತಿರ 5ನೇ ಎಕ್ಸಿಟ್‌ನಲ್ಲಿ ಇಳಿದು, 16ನೇ ರಸ್ತೆಯಲ್ಲಿ ಪಶ್ಚಿಮಕ್ಕೆ ಸುಮಾರು 10 ಮೈಲಿ.

ಶಾಫ್ ಹುಟ್ಟಿದ್ದು 1819ರಲ್ಲಿ, ಸ್ವಿಟ್ಜರ್ಲೆಂಡಿನ ಖೂರ್‌ನಲ್ಲಿ. ಓದಿದ್ದು ಜರ್ಮನಿಯ ಟ್ಯೂಬಿಂಗನ್, ಹಾಲೆ, ಬರ್ಲಿನ್‌ಗಳಲ್ಲಿ. ನಮ್ಮ 'ಮಂಗಳೂರ ಸಮಾಚಾರ'ದ ಮೊಗ್ಲಿಂಗ್ ಕೂಡ ಟ್ಯೂಬಿಂಗನ್‌ನಲ್ಲೇ ಕಲಿತವರು. ಜರ್ಮನ್ ರಿಫಾರ್ಮ್ಡ್ ಎಂಬ ಪ್ರಾಟೆಸ್ಟಂಟ್ ಸಭೆಯವರು ಕರೆದರೆಂದು ಶಾಫ್ 1844ರಲ್ಲಿ ಅಮೆರಿಕಕ್ಕೆ, ಮರ್ಸರ್ಸ್‌ಬರ್ಗ್‌ನಲ್ಲಿದ್ದ ಅವರ ಸೆಮಿನರಿಯಲ್ಲಿ, ಅಂದರೆ ಪಾದ್ರಿಗಳನ್ನು ತಯಾರುಮಾಡುವ ಶಾಲೆಯಲ್ಲಿ, ಪಾಠ ಹೇಳಲು ಬಂದರು. ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಕ್ಯಾಥೊಲಿಕರ ಮೇಲೆ ದಂಗೆಯೆದ್ದು ಚರ್ಚುಗಳು ಸುಟ್ಟುಹೋಗಿದ್ದವು. ಅಂಥ ಹೊತ್ತಿನಲ್ಲಿ ಈ ಹೊಸಬರು ಅಕ್ಟೋಬರಿನಲ್ಲಿ ರೆಡಿಂಗ್ ಪಟ್ಟಣದಲ್ಲಿ ನಿಂತು, ಪ್ರಾಟೆಸ್ಟಂಟ್ ಸುಧಾರಣೆ ಮಧ್ಯಯುಗದ ಕ್ಯಾಥೊಲಿಕ್ ಚರ್ಚಿನ ಒಡಲಲ್ಲೇ ಬೆಳೆದದ್ದು ಎಂದರು. ಮರುವರ್ಷ ಯಾರ್ಕ್‌ ಊರಲ್ಲಿ ಸೇರಿದ ಸಿನೋಡಿನಲ್ಲಿ, ಅಂದರೆ ಚರ್ಚಿನ ಆಡಳಿತ ಸಭೆಯಲ್ಲಿ, ಧರ್ಮದ್ರೋಹದ ವಿಚಾರಣೆ ನಡೆಯಿತು, ನಿರ್ದೋಷಿ ಎಂದಾಯಿತು. ಎಷ್ಟು ಧೈರ್ಯದ ಮಾತದು ಎಂಬುದು ಆ ವರ್ಷದ ಬೆಂಕಿ ನೆನಪಿದ್ದರೇ ತಿಳಿಯುವುದು.

ಸೆಮಿನರಿ 1871ರಲ್ಲಿ ಲ್ಯಾಂಕಾಸ್ಟರಿಗೆ ಹೋಯಿತು. ಅದಿದ್ದ ಜಾಗದಲ್ಲಿ ಈಗ ಮರ್ಸರ್ಸ್‌ಬರ್ಗ್ ಅಕಾಡೆಮಿ ಎಂಬ ಖಾಸಗಿ ವಸತಿಶಾಲೆ ಇದೆ. ಹೇಳದೆ ಕೇಳದೆ ಒಳಗೆ ಹೋಗಬೇಡಿ, ಮುಂಚೆಯೇ ಬರೆದು ಅನುಮತಿ ಪಡೆಯಿರಿ. ಅಮೆರಿಕದ ಅಂತರ್ಯುದ್ಧದಲ್ಲಿ, ಗೆಟ್ಟಿಸ್‌ಬರ್ಗ್ ಕದನದ ನಂತರ 1863ರ ಜುಲೈಯಲ್ಲಿ ಸೆಮಿನರಿ ಕಟ್ಟಡವೇ ಗಾಯಾಳುಗಳ ಆಸ್ಪತ್ರೆಯಾಗಿತ್ತು. ಅದಕ್ಕೂ ಮೊದಲು, ಗುಲಾಮಗಿರಿಯ ಪರವಿದ್ದ ದಕ್ಷಿಣದ ದಂಡಿನವರು ಊರಿನ ಕಪ್ಪುಜನರನ್ನು ಗುಲಾಮರೆಂದು ಹಿಡಿದೊಯ್ದರು. ಅವರಲ್ಲಿ ಕೆಲವರು ಇಲ್ಲೇ ಹುಟ್ಟಿ ಬೆಳೆದವರೆಂದು ಶಾಫ್ ದಿನಚರಿಯಲ್ಲಿ ಬರೆದಿದ್ದಾರೆ. ತಮಗೆ ಎಷ್ಟೋ ಸಲ ಸೌದೆ ಸೀಳಿಕೊಟ್ಟ ಸ್ಯಾಮ್ ಬ್ರೂಕ್ಸ್‌ನ ಹೆಸರನ್ನೂ ಬರೆದಿಟ್ಟಿದ್ದಾರೆ. ಆದ್ದರಿಂದ ಅಕಾಡೆಮಿ ನೋಡಿ ಹಿಂತಿರುಗುವ ಮುನ್ನ ಜಿಯಾನ್ ಯೂನಿಯನ್ ಸ್ಮಶಾನಕ್ಕೆ ಹೋಗಲೇಬೇಕು. ಉತ್ತರದ ಪರ ಹೋರಾಡಿದ ಊರಿನ ಕಪ್ಪು ಸೈನಿಕರ ಗೋರಿಗಳು ಅಲ್ಲಿವೆ. ಬಿಳಿಕಲ್ಲಿನ ಮೇಲಿನ ಅಕ್ಷರ ಸವೆದಿರುವುದುಂಟು. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಓದಲು ಸುಲಭ.

ನ್ಯೂಯಾರ್ಕಿನಲ್ಲಿ ಜನ ಒಂದು ಕಡೆ ಎಡವುತ್ತಾರೆ. ಶಾಫ್ 1870ರಿಂದ ಪಾಠ ಹೇಳಿದ ಯೂನಿಯನ್ ಸೆಮಿನರಿ ಈಗಿನ ಬ್ರಾಡ್‌ವೇ ಕಟ್ಟಡಕ್ಕೆ ಬಂದದ್ದು 1910ರಲ್ಲಿ, ಅವರು ತೀರಿಕೊಂಡು 17 ವರ್ಷವಾದ ಮೇಲೆ. ಅವರ ಕೋಣೆಗಾಗಿ ಹುಡುಕುವುದು ವ್ಯರ್ಥ. ಅವರ ಕಾಗದಪತ್ರಗಳು ಮಾತ್ರ ಅಲ್ಲಿನ ಬರ್ಕ್ ಗ್ರಂಥಾಲಯದಲ್ಲಿವೆ. ಮುಂಗಡ ಸಮಯ ಗೊತ್ತುಮಾಡಿಕೊಂಡು ಹೋಗಿ.

ಪಾರ್ಶ್ವವಾಯು ಬಡಿದಿದ್ದರೂ, ವೈದ್ಯರು ಬೇಡವೆಂದರೂ, ವಿವೇಕಾನಂದರು ಮಾತಾಡಿದ 1893ರ ಷಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಶಾಫ್ ಹೋದರು. ಕ್ರೈಸ್ತ ಪಂಗಡಗಳ ಐಕ್ಯವೇ ಅವರ ಕೊನೆಯ ವಿಷಯ. ಅಕ್ಟೋಬರ್ 20ರಂದು ತೀರಿಕೊಂಡರು.

ಸಮಾಧಿ ಬ್ರಾಂಕ್ಸ್‌ನ ವುಡ್‌ಲಾನ್ ಸ್ಮಶಾನದಲ್ಲಿದೆ. 4ನೇ ನಂಬರಿನ ಸಬ್‌ವೇಯ ಕೊನೆಯ ನಿಲ್ದಾಣದಲ್ಲಿ ಇಳಿಯಬೇಕು. ಸ್ಮಶಾನ ಸುಮಾರು 400 ಎಕರೆ. ಮೊದಲು ಕಚೇರಿಯಲ್ಲಿ ಹೆಸರು, ತೀರಿಕೊಂಡ ವರ್ಷ ಹೇಳಿ ಜಾಗದ ಗುರುತು ಬರೆಸಿಕೊಳ್ಳಿ.