ನಾಡಿ ಲೆಕ್ಕದ ಪುಸ್ತಕ: 28ನೇ ವಾರ

ಗ್ರಾಫ್ ಪುಸ್ತಕದ ಮೂರನೆಯ ಹಾಳೆ ಇಂದು ತುಂಬಿತು. ಬೆಳಗ್ಗೆ ಕಾಫಿಗೂ ಮೊದಲು ಕಿಟಕಿ ಪಕ್ಕದ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತು, ಆಮೇಲೆ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುತ್ತೇನೆ. ನಾಡಿಯನ್ನು ಮಾತ್ರ ಯಂತ್ರಕ್ಕೆ ಬಿಡುವುದಿಲ್ಲ. ಮಣಿಕಟ್ಟಿನ ಮೇಲೆ ಬೆರಳಿಟ್ಟು, ಗೋಡೆ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ನಾನೇ ಎಣಿಸುತ್ತೇನೆ. ಬಸುರಿಯಾಗುವ ಮೊದಲು 70ರ ಆಸುಪಾಸಿನಲ್ಲಿದ್ದದ್ದು ಇಂದು 84. 10ರಿಂದ 20ರಷ್ಟು ಏರುವುದು ಸಹಜ.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಒತ್ತಡದ ಗೆರೆ. ಅದು ಏರಲಿಲ್ಲ, ಇಳಿಯಿತು: ಮೊದಲು 116/74, 21ನೇ ವಾರದಲ್ಲಿ 102/60, ಈಗ 106/66. ಹಾರ್ಮೋನುಗಳಿಂದ ರಕ್ತನಾಳಗಳು ಸಡಿಲಗೊಳ್ಳುತ್ತವೆ. ಆ ಜಾಗ ತುಂಬಲು ಮೂತ್ರಪಿಂಡಗಳು ಉಪ್ಪು, ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೃದಯ ನಿಮಿಷಕ್ಕೆ ತಳ್ಳುವ ರಕ್ತ ಶೇ 30ರಿಂದ 50ರಷ್ಟು ಹೆಚ್ಚುತ್ತದೆ. ಈ ಏರಿಕೆಯಲ್ಲಿ ಸುಮಾರು ಅರ್ಧ ಎಂಟನೇ ವಾರದ ಹೊತ್ತಿಗೇ ಆಗಿರುತ್ತದೆ. ಹೊಟ್ಟೆ ಇನ್ನೂ ಕಾಣಿಸದ ಆ ದಿನಗಳಲ್ಲಿ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಾಗ ನಾನು ಸೋಮಾರಿಯಾದೆನೇನೋ ಎಂದು ಕೊರಗಿದ್ದೆ. ಈಗ ಆ ಹಾಳೆ ತೆರೆದರೆ ಕಣ್ಣು ತುಂಬುತ್ತದೆ.

ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 12.4ರಿಂದ 11.2ಕ್ಕೆ ಇಳಿದದ್ದನ್ನು ಕಂಡು ಅತ್ತೆ ಗಾಬರಿಯಾದರು. "ಸಾರಿಗೆ ಬೇಳೆಯನ್ನೂ ಹಾಕಿದ್ದೇವೆ ಅತ್ತೆ, ನೀರನ್ನು ಇನ್ನೂ ಜಾಸ್ತಿ ಹಾಕಿದ್ದೇವೆ, ಅದಕ್ಕೇ ತೆಳುವಾಗಿದೆ" ಎಂದೆ. ನಿಜವೂ ಅದೇ: ಕೆಂಪು ರಕ್ತಕಣಗಳು ಹೆಚ್ಚುತ್ತವೆ, ರಕ್ತದ ದ್ರವಭಾಗವಾದ ಪ್ಲಾಸ್ಮಾ ಅದಕ್ಕಿಂತ ಹೆಚ್ಚು, ಶೇ 40ರಿಂದ 50ರಷ್ಟು ಏರುತ್ತದೆ. "ಹಾಗಾದರೆ ಕಬ್ಬಿಣದ ಮಾತ್ರೆ ತಪ್ಪಿಸಬೇಡಮ್ಮ" ಎಂದರು. ತಪ್ಪಿಸಿಲ್ಲ.

ಮಂಗಳವಾರ ಸ್ಕ್ಯಾನಿಂಗ್ ಮಂಚದ ಮೇಲೆ ಅಂಗಾತ ಮಲಗಿದ್ದಾಗ ಕಿವಿ ಗುಂಯ್‌ಗುಟ್ಟಿ, ಹಣೆ ತಣ್ಣಗೆ ಬೆವರಿತು. ನರ್ಸಮ್ಮ ಕೂಡಲೇ ಎಡ ಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟರು. ಕ್ಷಣದಲ್ಲಿ ಸರಿಹೋಯಿತು. ಬೆಳೆದ ಗರ್ಭಕೋಶ ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ಅಭಿಧಮನಿಯನ್ನು ಒತ್ತಿತ್ತು.

ಒತ್ತಡ 140/90 ಮುಟ್ಟಿದರೆ ಕಾಯದೆ ಬರಬೇಕೆಂದು ವೈದ್ಯರು ಹೇಳಿದ್ದಾರೆ. ಆ ಎತ್ತರದಲ್ಲಿ ಕೆಂಪು ಗೆರೆ ಎಳೆದಿದ್ದೇನೆ. ಹೆರಿಗೆಯ ನಂತರದ ಆರು ವಾರಗಳಿಗೆ ಎರಡು ಹಾಳೆ ಖಾಲಿ ಬಿಟ್ಟಿದ್ದೇನೆ.