3800ರ ಆಸೆ
ಸುಮ್ನಿರಲಾರದೆ ಇರುವೆ ಬಿಟ್ಟುಕೊಂಡೆ. 3200ರ ವೇಗದಲ್ಲಿ ಚೆನ್ನಾಗಿ ಓಡುತ್ತಿದ್ದ ಕಂಪ್ಯೂಟರಿನ ಮೆಮೊರಿಯನ್ನು, ಅಂದರೆ ಡಿಡಿಆರ್4 ರ‍್ಯಾಮನ್ನು ರಾತ್ರಿ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋಗಿ 3800ಕ್ಕೆ ಏರಿಸಿದೆ. ಸೇವ್ ಮಾಡಿದ್ದೇ ತಡ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು.

ಪ್ಲಗ್ ಕಿತ್ತೆ. ಗ್ರಾಫಿಕ್ಸ್ ಕಾರ್ಡ್ ಅಡಿಯಲ್ಲಿ ಅಡಗಿದ್ದ, ಬಯಾಸ್ ಸೆಟ್ಟಿಂಗ್ ಉಳಿಸಿಕೊಳ್ಳುವ, ನಾಣ್ಯದಂಥ 2032 ಸೆಲ್ಲನ್ನು ಅಮ್ಮನ ಹೇರ್‌ಪಿನ್ನಿಂದ ಎಬ್ಬಿಸಿದೆ. ಸೆಟ್ಟಿಂಗ್ ಅಳಿಯಲಿ ಅಂತ ಐದು ನಿಮಿಷ ಬಿಟ್ಟು ವಾಪಸ್ ಕೂರಿಸಿ, ರ‍್ಯಾಮಿನ ಒಂದೇ ಸ್ಟಿಕ್ ಹಾಕಿ ಆನ್ ಮಾಡಿದೆ. ಒಂದು ನಿಮಿಷ ಏನೂ ಇಲ್ಲ. ಮೆಮೊರಿ ಟ್ರೈನಿಂಗ್, ಅಂದರೆ ಬೋರ್ಡು ರ‍್ಯಾಮಿಗೆ ಹೊಂದಿಕೊಳ್ಳುವ ಕೆಲಸ, ನಡೆಯುತ್ತಿರುತ್ತದೆ ಅಂತ ಗೊತ್ತಿದ್ದರೂ ಎದೆ ಢವಢವ. ಆಮೇಲೆ ಪರದೆ ಬಂತು, ಮೂಲ ವೇಗವಾದ 2133ರಲ್ಲಿ, ಕುಂಟುತ್ತಾ.

3800 ಬಂದಿದ್ದರೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣುತ್ತಿತ್ತಾ? ಇಲ್ಲ ಬಿಡಿ. ನಂಬರ್ ನೋಡಿ ಖುಷಿಪಡೋಕೆ ಅಷ್ಟೇ.

ಈಗ ಅಮ್ಮನಿಗೆ ಕ್ಯಾತಸಂದ್ರದ ತಟ್ಟೆ ಇಡ್ಲಿ ತರಲು ಹೊರಟಿದ್ದೇನೆ. ಪಿನ್ ಸೊಟ್ಟಗಾಗಿದೆ.